ಬುದ್ಧಿಯ ಅಳತೆಗೋಲು



ಚನ್ನಗಿರಿಯ ಸೀಮೆಯಲ್ಲಿ ಅಡಕೆಯ ಸುಗ್ಗಿ ಬಂದಿತೆಂದರೆ ಸರಕು, ಬೆಟ್ಟೆ, ಗೊರಬಲುಗಳನ್ನು ಕಣ್ಣಳತೆಯಿಂದಲೇ ಬೇರ್ಪಡಿಸಬಲ್ಲ ಹುಡುಗಿಯರುಂಟು. ಜಗಳೂರಿನ ಬೆದ್ದಲು ನೆಲದಲ್ಲಿ ಮಂದೆಯ ಒಂದೊಂದು ಕುರಿಯನ್ನೂ ಮುಖದಿಂದ ಗುರುತಿಸಬಲ್ಲ ಹುಡುಗರುಂಟು. ಇಂತಹ ಮಗುವು ಶಾಲೆಯ ಲೆಕ್ಕದಲ್ಲಿ ಹಿಂದೆ ಬಿದ್ದರೆ ಅದನ್ನು ಮಂದಬುದ್ಧಿಯೆಂದು ಕರೆಯುವುದು ನ್ಯಾಯವೇ? ಹೊನ್ನಾಳಿ, ನ್ಯಾಮತಿಗಳ ಉಪಾಧ್ಯಾಯರೂ ತಂದೆತಾಯಿಗಳೂ ಕೇಳಿಕೊಳ್ಳಬೇಕಾದ ಈ ಪ್ರಶ್ನೆಗೆ ಒಂದು ಚರಿತ್ರೆಯುಂಟು. ಅದರ ಒಂದು ಕವಲು ಮೈಸೂರಿನಲ್ಲಿಯೇ ಹರಿದಿದೆ.

1904ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಸ್ಪಿಯರ್‌ಮನ್ ಎಂಬ ವಿದ್ವಾಂಸನು ಶಾಲಾಬಾಲಕರನ್ನು ಪರಿಶೀಲಿಸಿ ಒಂದು ವಿಷಯವನ್ನು ಕಂಡನು. ಪ್ರಾಚೀನ ಭಾಷೆಗಳಲ್ಲಿ ಮುಂದಿದ್ದವರು ಸಾಮಾನ್ಯವಾಗಿ ಗಣಿತದಲ್ಲಿಯೂ ಮುಂದಿದ್ದರು. ಸ್ವರಭೇದವನ್ನು ಗುರುತಿಸುವುದರಲ್ಲಿಯೂ ಆ ನಂಟು ಅಲ್ಪಸ್ವಲ್ಪ ತೋರುತ್ತಿತ್ತು. ಆದುದರಿಂದ ಎಲ್ಲ ಕೆಲಸಗಳಿಗೂ ಒದಗುವ ಸಾಮಾನ್ಯ ಶಕ್ತಿಯೊಂದೂ, ಆಯಾ ಕೆಲಸಕ್ಕೆ ಮಾತ್ರ ಮೀಸಲಾದ ವಿಶೇಷ ಶಕ್ತಿಗಳೂ ಉಂಟೆಂದು ಅವನು ಪ್ರತಿಪಾದಿಸಿದನು. ಚನ್ನಗಿರಿಯವರಿಗೆ ಇದನ್ನು ತಿಳಿಯುವುದು ಸುಲಭ. ಸೂಳೆಕೆರೆಯ ನೀರು ಒಂದೇ; ಅದನ್ನು ಕುಡಿಯುವ ಗದ್ದೆಗಳು ಹಲವು. ಆದರೆ ಪೈರು ಬರುವುದು ಕೆರೆಯ ನೀರೊಂದರಿಂದಲೇ ಅಲ್ಲ, ಆಯಾ ಗದ್ದೆಯ ಮಣ್ಣಿನಿಂದಲೂ ಹೌದು.

ಈ ವಾದವನ್ನು ಎಲ್ಲರೂ ಒಪ್ಪಲಿಲ್ಲ. ಅಸಂಖ್ಯ ಸಣ್ಣ ಶಕ್ತಿಗಳು ಕೂಡಿ ಕೆಲಸಮಾಡಿದರೂ ಇದೇ ಬಗೆಯ ನಂಟು ಕಾಣಿಸಬಹುದೆಂದು ಗಾಡ್‌ಫ್ರಿ ಥಾಮ್ಸನ್ 1916ರಲ್ಲಿ ತೋರಿಸಿದನು. ಅಮೆರಿಕದ ಥರ್ಸ್ಟನ್ 1938ರಲ್ಲಿ ಮಾತು, ಸಂಖ್ಯೆ, ನೆನಪು, ತರ್ಕ ಮೊದಲಾದ ಏಳು ಮೂಲಶಕ್ತಿಗಳನ್ನು ಹೇಳಿದನು. ಆ ಏಳರೊಳಗೂ ಪರಸ್ಪರ ನಂಟಿರುವುದು ಮುಂದೆ ತಿಳಿದುಬಂದಿತು. 1993ರಲ್ಲಿ ಜಾನ್ ಕ್ಯಾರಲ್ ಎಂಬುವನು ಮೇಲೆ ಸಾಮಾನ್ಯ ಶಕ್ತಿ, ನಡುವೆ ಕೆಲವು ವಿಶಾಲ ಶಕ್ತಿಗಳು, ಕೆಳಗೆ ಅನೇಕ ವಿಶೇಷ ಶಕ್ತಿಗಳು ಎಂದು ಎರಡು ಪಕ್ಷಗಳನ್ನೂ ಹೊಂದಿಸಿದನು.

ಲಂಡನ್ನಿನಲ್ಲಿ ಸ್ಪಿಯರ್‌ಮನ್ನನ ಬಳಿ ವ್ಯಾಸಂಗಮಾಡಿದವರಲ್ಲಿ ನಮ್ಮ ಎಂ. ವಿ. ಗೋಪಾಲಸ್ವಾಮಿಯವರೂ ಒಬ್ಬರು. 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವು ಅವರಿಂದ ಆರಂಭವಾಯಿತು. 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ನುಡಿಸಿದ ಮಹನೀಯರೂ ಅವರೇ. ಬುದ್ಧಿಯನ್ನು ಕುರಿತ ಶಾಸ್ತ್ರವೂ ಬಾನುಲಿಯೂ ಮೈಸೂರಿಗೆ ಒಬ್ಬರ ಕೈಯಿಂದಲೇ ಬಂದುವೆಂಬುದು ಸಂತೋಷದ ಸಂಗತಿ.

ಅಳತೆಯ ಕಥೆ ಇನ್ನೊಂದು. 1905ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಬಿನೆ ಎಂಬುವನು ಸಿಮೋನ್ ಎಂಬ ವೈದ್ಯನೊಡನೆ ಮೊದಲ ಪರೀಕ್ಷೆಯನ್ನು ರಚಿಸಿದನು. ಪಾಠದಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ, ಅವರಿಗೆ ತಕ್ಕ ಶಿಕ್ಷಣವನ್ನು ಒದಗಿಸುವುದು ಅದರ ಉದ್ದೇಶವಾಗಿತ್ತು. ಬುದ್ಧಿಯು ಹುಟ್ಟಿನಿಂದ ಗೊತ್ತಾದ, ಹೆಚ್ಚಿಸಲಾಗದ ಮೊತ್ತವೆಂಬ ನಿರಾಶಾವಾದವನ್ನು ಬಿನೆಯು ಸ್ಪಷ್ಟವಾಗಿ ಖಂಡಿಸಿದನು. ಆದರೂ ಸಮುದ್ರವನ್ನು ದಾಟಿದ ಮೇಲೆ ಅವನ ಪರೀಕ್ಷೆಯು ಅನೇಕರ ಕೈಯಲ್ಲಿ ಮಕ್ಕಳ ಹಣೆಬರೆಹವನ್ನು ಹೇಳುವ ಸಾಧನವಾಯಿತು.

ಪ್ಯಾರಿಸ್ಸಿನ ಮಗುವಿಗೆ ಮಾಡಿದ ಅಳತೆಗೋಲು ಕನ್ನಡದ ಮಗುವಿಗೆ ಹಾಗೆಯೇ ಒಪ್ಪುವುದೇ? ಒಪ್ಪದು. ಪ್ರಶ್ನೆಯನ್ನು ಭಾಷಾಂತರಿಸಿದ ಮಾತ್ರಕ್ಕೆ ಸಾಲದು. ಅಲ್ಲಿ ಸುಲಭವಾದುದು ಇಲ್ಲಿ ಕಠಿಣವಾಗಬಹುದು. ಮಗುವು ಎಂದೂ ಕಾಣದ ವಸ್ತುವನ್ನು ಕುರಿತು ಕೇಳಿದರೆ ಪರೀಕ್ಷೆಯಾಗುವುದು ಪರಿಚಯಕ್ಕೆ, ಬುದ್ಧಿಗಲ್ಲ. ಅಂದಿನ ಮುಂಬಯಿ ಪ್ರಾಂತದಲ್ಲಿ ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಬಿನೆಯ ಪರೀಕ್ಷೆಯನ್ನು ಪರಿಷ್ಕರಿಸಿ, 1940ರಲ್ಲಿ ಆ ವಿಷಯವಾಗಿ ಗ್ರಂಥವನ್ನು ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆಯೆಂದು ಅದು ಹೆಸರಾಗಿದೆ.

ಮತ್ತೊಂದು ಸಂಗತಿಯನ್ನು ಮರೆಯಬಾರದು. ಅನೇಕ ದೇಶಗಳಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಈ ಪರೀಕ್ಷೆಗಳ ಅಂಕಗಳು ಏರುತ್ತ ಬಂದುವೆಂದು ಜೇಮ್ಸ್ ಫ್ಲಿನ್ 1984 ಮತ್ತು 1987ರ ಲೇಖನಗಳಲ್ಲಿ ತೋರಿಸಿದನು. ಎರಡು ಮೂರು ತಲೆಮಾರುಗಳಲ್ಲಿ ರಕ್ತವು ಬದಲಾಗದು. ಬದಲಾದುದು ಶಾಲೆ, ಆಹಾರ, ಜೀವನಕ್ರಮ. ಹಾಗಿರುವಲ್ಲಿ ಊರೂರಿನ ಅಂಕಗಳ ಅಂತರವನ್ನು ಹುಟ್ಟುಗುಣವೆಂದು ಬಗೆಯುವುದು ದುಡುಕು.

ಸಾಮಾನ್ಯ ಶಕ್ತಿಯೆಂಬುದು ಬರಿಯ ಕಲ್ಪನೆಯಲ್ಲ. ಅಂಕಗಳ ನಡುವಣ ನಂಟನ್ನು ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ಆದರೆ ಅದನ್ನು ತೋರುವ ಸಂಖ್ಯೆಯು ಮಗುವಿನ ಭಾಷೆಯನ್ನೂ ಊರನ್ನೂ ಊಟವನ್ನೂ ತನ್ನೊಳಗೆ ಹೊತ್ತಿರುತ್ತದೆ. ಅಡಕೆಯನ್ನು ವಿಂಗಡಿಸುವ ಕಣ್ಣು ಆ ಸಂಖ್ಯೆಯಲ್ಲಿ ಸೇರದೆಯೇ ಹೋಗಬಹುದು. ಆದಕಾರಣ ಉಪಾಧ್ಯಾಯನು ಅಳತೆಗೋಲನ್ನು ಮಗುವಿಗೆ ಏನು ಕಲಿಸಬೇಕೆಂದು ತಿಳಿಯುವುದಕ್ಕೆ ಹಿಡಿಯಲಿ. ಅದರ ಬಾಗಿಲನ್ನು ಮುಚ್ಚುವುದಕ್ಕೆ ಹಿಡಿಯದಿರಲಿ.