ಕ್ಯಾನ್ಸರ್ ಸಂಶೋಧನೆ: ಸಂಖ್ಯಾಶಾಸ್ತ್ರಜ್ಞರಿಗೆ ಪಿಎಚ್.ಡಿ. ನಂತರದ ಅವಕಾಶಗಳು

ಕ್ಯಾನ್ಸರ್ ಸಂಶೋಧನೆ ಎಂದೊಡನೆ ಪ್ರಯೋಗಾಲಯ, ಔಷಧಗಳು ನೆನಪಾಗುತ್ತವೆ. ಆದರೆ ಚಿಕಿತ್ಸೆಯು ರೋಗಿಯ ಆಯುಸ್ಸನ್ನು ನಿಜಕ್ಕೂ ಹೆಚ್ಚಿಸಿತೇ ಎಂಬುದನ್ನು ಅಂಕಿ-ಅಂಶಗಳಿಂದ ನಿರ್ಣಯಿಸುವ ಹೊಣೆ ಜೈವಿಕ ಸಂಖ್ಯಾಶಾಸ್ತ್ರ ಅಥವಾ ಬಯೋಸ್ಟಾಟಿಸ್ಟಿಕ್ಸ್ ತಜ್ಞರದು.

ಕೆಲಸವೇನು?

ಚಿಕಿತ್ಸೆ ಪಡೆದವರಲ್ಲಿ ಹಲವರು ಮರುತಪಾಸಣೆಗೆ ಬರುವುದಿಲ್ಲ. ಅವರೆಲ್ಲ ಬದುಕಿದ್ದಾರೆಂದು ಎಣಿಸಿದರೆ ಚಿಕಿತ್ಸೆಯ ಫಲ ಹಿಗ್ಗಿ ಕಾಣುತ್ತದೆ. ಮೃತರೆಂದು ಎಣಿಸಿದರೆ ಕುಗ್ಗುತ್ತದೆ. ಸಂಪರ್ಕದಲ್ಲಿದ್ದ ಅವಧಿಯನ್ನಷ್ಟೇ ಗಣನೆಗೆ ತೆಗೆದುಕೊಳ್ಳುವ ಕಾಪ್ಲಾನ್-ಮಯರ್ ವಿಧಾನ 1958ರಲ್ಲೂ, ವಯಸ್ಸು, ರೋಗದ ಹಂತ ಮುಂತಾದವುಗಳ ಪ್ರಭಾವವನ್ನು ಅಳೆಯುವ ಡೇವಿಡ್ ಕಾಕ್ಸ್ ಅವರ ಮಾದರಿ 1972ರಲ್ಲೂ ಪ್ರಕಟವಾದವು. ಆದರೆ ರೋಗ ಉಲ್ಬಣಿಸಿದವರೇ ಹೆಚ್ಚಾಗಿ ಬಾರದೆ ಹೋದರೆ ಈ ವಿಧಾನಗಳೂ ದಾರಿ ತಪ್ಪಿಸಬಲ್ಲವು. ಇಂಥ ಪ್ರಶ್ನೆಗಳೇ ಪಿಎಚ್.ಡಿ. ನಂತರದ ಸಂಶೋಧನೆಗೆ ವಸ್ತು.

ಎಲ್ಲಿ?

ಐಸಿಎಂಆರ್ ಎಂದೇ ಪರಿಚಿತವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1981ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಆರಂಭಿಸಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ನೋಂದಣಿ ಘಟಕದಲ್ಲಿ 1982ರಿಂದ ಮಾಹಿತಿ ಸಂಗ್ರಹವಾಗಿದೆ. ದೇಶದ ನೋಂದಣಿ ಘಟಕಗಳ ಮಾಹಿತಿಯನ್ನು ಕ್ರೋಡೀಕರಿಸುವ ಐಸಿಎಂಆರ್‌ನ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರವೂ ಬೆಂಗಳೂರಿನಲ್ಲೇ ಇದೆ.

ಧನಸಹಾಯ

ಐಸಿಎಂಆರ್ ತನ್ನ ಸಂಸ್ಥೆಗಳಲ್ಲಿ ಸಂಶೋಧನೆ ನಡೆಸಲು ಫೆಲೋಶಿಪ್ ಯೋಜನೆಯನ್ನು ರೂಪಿಸಿದೆ. ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ 2 ವರ್ಷಗಳದ್ದು; ಇದಕ್ಕೆ ಮಾರ್ಗದರ್ಶಕರನ್ನು ಅಭ್ಯರ್ಥಿಯೇ ಗುರುತಿಸಬೇಕು. ವಯೋಮಿತಿ, ಅರ್ಜಿಯ ದಿನಾಂಕಗಳನ್ನು ಆಯಾ ಪ್ರಕಟಣೆಯಲ್ಲಿ ಪರಿಶೀಲಿಸತಕ್ಕದ್ದು.

ರೋಗಿಗಳ ದಾಖಲೆ ಬಳಸಲು ನೈತಿಕ ಸಮಿತಿಯ ಅನುಮತಿ ಬೇಕಾಗುತ್ತದೆ. ಆದ್ದರಿಂದ ಯಾವ ದತ್ತಾಂಶ ದೊರೆಯುವುದೆಂಬುದನ್ನು ಮಾರ್ಗದರ್ಶಕರೊಡನೆ ಚರ್ಚಿಸಿ ಖಚಿತಪಡಿಸಿಕೊಂಡ ಬಳಿಕವೇ ಅರ್ಜಿ ಸಲ್ಲಿಸುವುದು ಒಳಿತು.