ಸ್ಟ್ಯಾಗ್ ವಾರಾಂತ್ಯ

ಸ್ಟ್ಯಾಗ್ ವಾರಾಂತ್ಯ ಎಂಬುದು ಮದುವೆಗೆ ಕೆಲವು ವಾರ ಅಥವಾ ತಿಂಗಳುಗಳ ಮೊದಲು ವರನು ತನ್ನ ಗೆಳೆಯರೊಡನೆ ಪರಊರಿನಲ್ಲಿ ಕಳೆಯುವ ಎರಡು ಮೂರು ದಿನಗಳ ವಿಹಾರ. ಬ್ರಿಟನ್ ಮತ್ತು ಐರ್ಲೆಂಡ್‌ಗಳಲ್ಲಿ ಒಂದು ರಾತ್ರಿಯ ಕೂಟವಾಗಿದ್ದ ಈ ರೂಢಿಯು 1990ರ ದಶಕದಿಂದೀಚೆಗೆ ಅಗ್ಗದ ವಿಮಾನಯಾನ ಹರಡಿದಂತೆ ದೇಶದ ಗಡಿ ದಾಟಿತು. ಪ್ರಾಗ್, ಕ್ರಾಕೋವ್, ಬುಡಾಪೆಸ್ಟ್, ರಿಗಾ, ಟಾಲಿನ್, ಆಮ್‌ಸ್ಟರ್‌ಡ್ಯಾಮ್ ಮತ್ತು ಡಬ್ಲಿನ್ ಇದರ ಪ್ರಮುಖ ತಾಣಗಳು. ಬ್ರಿಟನ್ನಿನಿಂದ ಯುರೋಪಿನ ಮುಖ್ಯಭೂಮಿಗೆ ಕಡಿಮೆ ಖರ್ಚಿನಲ್ಲಿ ಹೋಗಿಬರುವ ಇಂಥ ವಿಹಾರದ ಹಿನ್ನೆಲೆ, ಯೋಜನೆ ಮತ್ತು ಪರಿಣಾಮಗಳನ್ನು ಈ ಲೇಖನವು ವಿವರಿಸುತ್ತದೆ.

ಹೆಸರು ಮತ್ತು ರೂಢಿ

ಸ್ಟ್ಯಾಗ್ ಎಂದರೆ ಇಂಗ್ಲಿಷಿನಲ್ಲಿ ಗಂಡು ಜಿಂಕೆ. ವಧುವಿನ ಗೆಳತಿಯರು ನಡೆಸುವ ಇಂಥದೇ ಕೂಟಕ್ಕೆ ಹೆನ್ ಪಾರ್ಟಿ, ಅಂದರೆ ಹೇಂಟೆಯ ಕೂಟ ಎಂಬ ಹೆಸರಿದೆ. ಅಮೆರಿಕದಲ್ಲಿ ಇದನ್ನು ಬ್ಯಾಚುಲರ್ ಪಾರ್ಟಿ ಎಂದೂ, ಆಸ್ಟ್ರೇಲಿಯಾದಲ್ಲಿ ಬಕ್ಸ್ ನೈಟ್ ಎಂದೂ ಕರೆಯುತ್ತಾರೆ. ಫ್ರೆಂಚರ ಹೆಸರಿಗೆ ಬ್ರಹ್ಮಚಾರಿ ಬದುಕಿನ ಅಂತ್ಯಸಂಸ್ಕಾರ ಎಂಬ ಅರ್ಥವಿದೆ.

ಬ್ರಿಟನ್ನಿನ ವಾಡಿಕೆಯಂತೆ ಕೂಟದ ಹೊಣೆ ವರನದಲ್ಲ. ಮದುವೆಯ ದಿನ ವರನ ಪಕ್ಕದಲ್ಲಿ ನಿಲ್ಲುವ ಆಪ್ತ ಗೆಳೆಯ, ಅಂದರೆ ಬೆಸ್ಟ್ ಮ್ಯಾನ್, ಅದನ್ನು ಯೋಜಿಸುತ್ತಾನೆ. ವರನ ಖರ್ಚನ್ನು ಉಳಿದವರು ಹಂಚಿಕೊಳ್ಳುವುದು ಸಾಮಾನ್ಯ. ಆಹ್ವಾನಿತರಲ್ಲಿ ಶಾಲೆಯ ಗೆಳೆಯರು, ಸಹೋದ್ಯೋಗಿಗಳು, ವಧುವಿನ ಅಣ್ಣತಮ್ಮಂದಿರು, ಕೆಲವೊಮ್ಮೆ ಇಬ್ಬರ ತಂದೆಯರೂ ಇರುತ್ತಾರೆ. ಇವರ ವಯಸ್ಸು, ವರಮಾನ, ಅಭಿರುಚಿಗಳು ಒಂದೇ ಆಗಿರುವುದಿಲ್ಲ. ಯೋಜನೆಯ ಬಹುಪಾಲು ತೊಡಕುಗಳು ಹುಟ್ಟುವುದು ವಿಮಾನದಿಂದಲ್ಲ, ಈ ವ್ಯತ್ಯಾಸದಿಂದ.

ಅಗ್ಗದ ವಿಮಾನಯಾನದ ಹಿನ್ನೆಲೆ

ಕಡಿಮೆ ದರದ ವಿಮಾನಯಾನದ ಮಾದರಿಯನ್ನು ರೂಪಿಸಿದ್ದು ಅಮೆರಿಕದಲ್ಲಿ 1971ರಿಂದ ಹಾರಾಟ ನಡೆಸುತ್ತಿರುವ ಸೌತ್‌ವೆಸ್ಟ್ ಏರ್‌ಲೈನ್ಸ್. ಒಂದೇ ಬಗೆಯ ವಿಮಾನ, ಊರಿಂದ ಊರಿಗೆ ನೇರ ಹಾರಾಟ, ನೆಲದ ಮೇಲೆ ವಿಮಾನ ನಿಲ್ಲುವ ಅವಧಿಯನ್ನು ಅರ್ಧ ಗಂಟೆಯ ಆಸುಪಾಸಿಗೆ ಇಳಿಸುವುದು ಇದರ ತಿರುಳು. ಐರ್ಲೆಂಡಿನ ರಯಾನ್‌ಏರ್ 1990ರ ದಶಕದ ಆರಂಭದಲ್ಲಿ ಈ ಮಾದರಿಯನ್ನು ಅಳವಡಿಸಿಕೊಂಡಿತು. ಈಸಿಜೆಟ್ 1995ರ ನವೆಂಬರಿನಲ್ಲಿ ಲಂಡನ್ ಸಮೀಪದ ಲೂಟನ್ನಿನಿಂದ ಸ್ಕಾಟ್ಲೆಂಡಿಗೆ ಹಾರಾಟ ಆರಂಭಿಸಿತು. ಯುರೋಪಿಯನ್ ಒಕ್ಕೂಟದ ವಾಯುಯಾನ ಉದಾರೀಕರಣದ ಮೂರನೆಯ ಹಂತವು 1993ರಲ್ಲಿ ಜಾರಿಗೆ ಬಂದು, 1997ರ ಏಪ್ರಿಲ್ ಹೊತ್ತಿಗೆ ಒಕ್ಕೂಟದ ಯಾವುದೇ ವಿಮಾನಸಂಸ್ಥೆಯು ಒಕ್ಕೂಟದೊಳಗಿನ ಯಾವುದೇ ಮಾರ್ಗದಲ್ಲಿ ಹಾರಬಹುದಾಯಿತು. ಟಿಕೆಟ್ ದರಗಳ ಮೇಲಿನ ಸರ್ಕಾರಿ ಹಿಡಿತವೂ ಸಡಿಲಗೊಂಡಿತು.

ಸ್ಟ್ಯಾಗ್ ವಾರಾಂತ್ಯದ ನಕ್ಷೆ ಬದಲಾದದ್ದು 2004ರ ಮೇ 1ರ ನಂತರ. ಅಂದು ಪೋಲೆಂಡ್, ಚೆಕ್ ಗಣರಾಜ್ಯ, ಹಂಗೇರಿ, ಸ್ಲೊವಾಕಿಯಾ ಮತ್ತು ಮೂರು ಬಾಲ್ಟಿಕ್ ದೇಶಗಳು ಸೇರಿದಂತೆ ಹತ್ತು ದೇಶಗಳು ಒಕ್ಕೂಟವನ್ನು ಸೇರಿದವು. ವಿಜ್ ಏರ್ ಅದೇ ತಿಂಗಳು ಪೋಲೆಂಡಿನ ಕಾಟೊವಿಟ್ಸೆಯಿಂದ ತನ್ನ ಮೊದಲ ಹಾರಾಟ ನಡೆಸಿತು. ಬ್ರಿಟನ್ನಿಗೆ ಕೆಲಸಕ್ಕೆ ಬರುವ ಪೂರ್ವ ಯುರೋಪಿನವರನ್ನು ಕರೆತಂದ ವಿಮಾನಗಳೇ ಮರಳುವಾಗ, ಬಿಯರ್ ಅಗ್ಗವೆಂಬ ಕಾರಣಕ್ಕೆ ಹೊರಟ ಬ್ರಿಟಿಷ್ ಗೆಳೆಯರ ಗುಂಪುಗಳನ್ನೂ ಹೊತ್ತೊಯ್ದವು.

ಟಿಕೆಟ್ ದರದ ಸ್ವರೂಪ

ಅಗ್ಗದ ವಿಮಾನದ ಟಿಕೆಟ್‌ಗೆ ಒಂದೇ ಬೆಲೆ ಎಂಬುದಿಲ್ಲ. ಒಂದು ಹಾರಾಟದ ಆಸನಗಳನ್ನು ಹಲವು ದರಗಳಲ್ಲಿ ಮಾರಲಾಗುತ್ತದೆ. ಕೆಳಗಿನ ದರದ ಆಸನಗಳು ಮುಗಿದಂತೆ ಮುಂದಿನ ದರ ತೆರೆದುಕೊಳ್ಳುತ್ತದೆ. ಒಬ್ಬಂಟಿ ಪ್ರಯಾಣಿಕನಿಗೆ ಇದು ಅಷ್ಟಾಗಿ ತಟ್ಟದು, ಆದರೆ ಗುಂಪಿಗೆ ತಟ್ಟುತ್ತದೆ. ಉದಾಹರಣೆಗೆ 30 ಪೌಂಡಿನ 4 ಆಸನಗಳು ಉಳಿದಿದ್ದು, ಮುಂದಿನ ದರ 55 ಪೌಂಡ್ ಎಂದಿಟ್ಟುಕೊಳ್ಳೋಣ. ಹತ್ತು ಆಸನಗಳನ್ನು ಒಟ್ಟಿಗೆ ಕೇಳಿದರೆ ಅನೇಕ ಬುಕಿಂಗ್ ವ್ಯವಸ್ಥೆಗಳು ಹತ್ತಕ್ಕೂ ಮೇಲಿನ ದರವನ್ನೇ ತೋರಿಸುತ್ತವೆ. ಆಗ ಮೊತ್ತ 550 ಪೌಂಡ್. ಮೊದಲು ನಾಲ್ಕು, ಆಮೇಲೆ ಆರು ಎಂದು ಬಿಡಿಸಿ ಕೊಂಡರೆ 450 ಪೌಂಡಿನಲ್ಲಿ ಮುಗಿಯುತ್ತದೆ. ಆದ್ದರಿಂದ ಮೊದಲು ಒಬ್ಬನಿಗೆ ಎಂದು ಹುಡುಕಿ, ಅನಂತರ ಸಂಖ್ಯೆಯನ್ನು ಒಂದೊಂದಾಗಿ ಏರಿಸುತ್ತ ದರ ಎಲ್ಲಿ ಜಿಗಿಯುತ್ತದೆ ಎಂದು ನೋಡುವುದು ಒಳಿತು. ಹೀಗೆ ಬಿಡಿಸಿ ಕೊಂಡಾಗ ಹಾರಾಟ ರದ್ದಾದರೆ ಎರಡು ಬುಕಿಂಗ್‌ಗಳನ್ನು ಬೇರೆ ಬೇರೆಯಾಗಿಯೇ ನಿಭಾಯಿಸಬೇಕಾಗುತ್ತದೆ.

ತೆರಿಗೆ ಮತ್ತು ತಪ್ಪಿಸಲಾಗದ ಶುಲ್ಕಗಳೆಲ್ಲ ಸೇರಿದ ಅಂತಿಮ ಬೆಲೆಯನ್ನು ಮೊದಲಿನಿಂದಲೇ ತೋರಿಸಬೇಕೆಂದು ಯುರೋಪಿಯನ್ ಒಕ್ಕೂಟದ 2008ರ ನಿಯಮಾವಳಿ ಹೇಳುತ್ತದೆ. ಆಯ್ಕೆಯ ಶುಲ್ಕಗಳು ಮಾತ್ರ ಇದರಿಂದ ಹೊರಗಿವೆ. ದೊಡ್ಡ ಕೈಚೀಲ, ಇಷ್ಟದ ಆಸನ, ಹೆಸರಿನ ಬದಲಾವಣೆ, ವಿಮಾನ ನಿಲ್ದಾಣದಲ್ಲಿ ಚೆಕ್ ಇನ್ ಇವೆಲ್ಲಕ್ಕೂ ಬೇರೆ ಹಣ ತೆರಬೇಕು, ಸಂಸ್ಥೆಗಳ ಗಳಿಕೆಯ ದೊಡ್ಡ ಪಾಲು ಇಲ್ಲಿಂದಲೇ ಬರುತ್ತದೆ. ಉಚಿತ ಚೀಲವು ಆಸನದ ಕೆಳಗೆ ಹಿಡಿಸುವಂಥದ್ದಾಗಿರಬೇಕು. ರಯಾನ್‌ಏರ್ 2025ರಲ್ಲಿ ಅದರ ಅಳತೆಯನ್ನು 40×30×20 ಸೆಂಟಿಮೀಟರಿಗೆ ಹಿಗ್ಗಿಸಿತು. ಎರಡು ರಾತ್ರಿಗಳ ವಿಹಾರಕ್ಕೆ ಇಷ್ಟು ಸಾಕು. ಹೆಚ್ಚು ಸಾಮಾನಿದ್ದರೆ ನಾಲ್ವರು ಸೇರಿ ಒಂದು ದೊಡ್ಡ ಪೆಟ್ಟಿಗೆಗೆ ಹಣ ಕಟ್ಟುವುದು, ಪ್ರತಿಯೊಬ್ಬರೂ ಕೈಚೀಲಕ್ಕೆ ತೆರುವುದಕ್ಕಿಂತ ಸಾಮಾನ್ಯವಾಗಿ ಅಗ್ಗ.

ಹೆಸರಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಟಿಕೆಟ್‌ನಲ್ಲಿ ಪಾಸ್‌ಪೋರ್ಟಿನಲ್ಲಿರುವ ಹೆಸರೇ ಇರಬೇಕು. ಗೆಳೆಯರ ನಡುವಿನ ಅಡ್ಡಹೆಸರು ನಡೆಯದು. ಒಬ್ಬ ಹಿಂದೆ ಸರಿದು ಅವನ ಬದಲು ಮತ್ತೊಬ್ಬ ಬರುವುದಾದರೆ, ಬದಲಾವಣೆಯ ಶುಲ್ಕವು ಹೊಸ ಟಿಕೆಟ್ಟಿನ ಬೆಲೆಯನ್ನು ಮೀರುವುದುಂಟು. ಅಂಥ ಸಂದರ್ಭದಲ್ಲಿ ಹಳೆಯದನ್ನು ಬಿಟ್ಟು ಹೊಸದನ್ನು ಕೊಳ್ಳುವುದೇ ಮೇಲು. ರಯಾನ್‌ಏರ್ 2025ರ ನವೆಂಬರ್ 12ರಿಂದ ಕಾಗದದ ಬೋರ್ಡಿಂಗ್ ಪಾಸನ್ನು ಕೈಬಿಟ್ಟಿರುವುದರಿಂದ, ಹತ್ತು ಜನರ ಪಾಸುಗಳೂ ಸಂಘಟಕನೊಬ್ಬನ ಫೋನಿನಲ್ಲಿ ಕುಳಿತಿರುವುದು ಜಾಣತನವಲ್ಲ.

ಶುಕ್ರವಾರ ಸಂಜೆ ಹೊರಟು ಭಾನುವಾರ ಸಂಜೆ ಮರಳುವ ವಿಮಾನಗಳು ಎಲ್ಲರಿಗೂ ಬೇಕಾದವು, ಹಾಗಾಗಿ ದುಬಾರಿ. ಶನಿವಾರ ಬೆಳಗ್ಗೆ ಹೊರಟು ಸೋಮವಾರ ಮರಳಿದರೆ ಒಂದು ರಜೆ ಹೋಗುತ್ತದೆ, ದರ ಇಳಿಯುತ್ತದೆ. ಈ ಸಂಸ್ಥೆಗಳು ಹೋಗುವ ಮತ್ತು ಬರುವ ಪ್ರಯಾಣವನ್ನು ಸಾಮಾನ್ಯವಾಗಿ ಬೇರೆ ಬೇರೆಯಾಗಿಯೇ ಮಾರುವುದರಿಂದ, ಒಂದರಲ್ಲಿ ಹೋಗಿ ಮತ್ತೊಂದರಲ್ಲಿ ಬರಲು ಅಡ್ಡಿಯಿಲ್ಲ.

ಇಳಿಯುವ ನಿಲ್ದಾಣ ಎಲ್ಲಿದೆ ಎಂಬುದನ್ನು ಹೆಸರು ನೋಡಿ ನಂಬಬಾರದು. ಪ್ಯಾರಿಸ್ ಬೊವೆ ನಿಲ್ದಾಣ ಪ್ಯಾರಿಸ್ಸಿನಿಂದ ಸುಮಾರು 85 ಕಿ.ಮೀ., ಸ್ಟಾಕ್‌ಹೋಮ್ ಸ್ಕಾವ್‌ಸ್ಟಾ ಸುಮಾರು 100 ಕಿ.ಮೀ., ಫ್ರಾಂಕ್‌ಫರ್ಟ್ ಹಾನ್ ಸುಮಾರು 120 ಕಿ.ಮೀ. ದೂರದಲ್ಲಿವೆ. ಅರ್ಧ ರಾತ್ರಿಯಲ್ಲಿ ಇಳಿದ ಗುಂಪು ಅಲ್ಲಿಂದ ಟ್ಯಾಕ್ಸಿ ಹಿಡಿದರೆ ಟಿಕೆಟ್‌ನಲ್ಲಿ ಉಳಿಸಿದ್ದು ರಸ್ತೆಯಲ್ಲೇ ಕರಗುತ್ತದೆ.

ಖರ್ಚಿನ ಹಂಚಿಕೆ

ಅಗ್ಗ ಎಂಬ ಮಾತು ಗುಂಪಿನಲ್ಲಿ ಯಾರ ಅಳತೆಯಲ್ಲಿ ಎಂಬುದು ಮುಖ್ಯ. ಸಂಘಟಕನು ತನಗೆ ಒಗ್ಗುವ ಮೊತ್ತವನ್ನು ಮೊದಲೇ ಸಾರಿದರೆ, ಅಷ್ಟು ತೆರಲಾಗದವನು ಎಲ್ಲರೆದುರು ಹೇಳಿಕೊಳ್ಳಲು ಹಿಂಜರಿದು ಒಪ್ಪುತ್ತಾನೆ, ಇಲ್ಲವೇ ಬೇರೊಂದು ನೆಪ ಹೇಳಿ ಕೊನೆಯ ಗಳಿಗೆಯಲ್ಲಿ ದೂರ ಸರಿಯುತ್ತಾನೆ. ಪ್ರತಿಯೊಬ್ಬನನ್ನೂ ಖಾಸಗಿಯಾಗಿ ಅವನ ಗರಿಷ್ಠ ಮೊತ್ತ ಕೇಳಿ, ಬಂದ ಉತ್ತರಗಳಲ್ಲಿ ಅತಿ ಕಡಿಮೆಯದನ್ನು ಮಿತಿಯಾಗಿ ಇಟ್ಟುಕೊಂಡು ಊರನ್ನು ಆರಿಸುವುದು ಇದಕ್ಕೆ ಪರಿಹಾರ. ಊರನ್ನು ಮೊದಲು ನಿರ್ಧರಿಸಿ ಹಣವನ್ನು ಆಮೇಲೆ ಹೊಂದಿಸಹೊರಟ ಯೋಜನೆಗಳೇ ಹೆಚ್ಚು ಮುರಿಯುತ್ತವೆ.

ವರನ ಪಾಲನ್ನು ಲೆಕ್ಕಕ್ಕೆ ಹಿಡಿಯಲು ಮರೆಯುವುದು ಸಾಮಾನ್ಯ. ವರನೂ ಸೇರಿ ಹತ್ತು ಜನ, ತಲಾ 270 ಪೌಂಡ್ ಎಂದರೆ ಒಟ್ಟು 2,700 ಪೌಂಡ್. ತೆರುವವರು ಒಂಬತ್ತೇ ಜನವಾದ್ದರಿಂದ ನಿಜವಾದ ಪಾಲು 300 ಪೌಂಡ್. ವಸತಿಯ ಲೆಕ್ಕ ಇನ್ನೂ ಸೂಕ್ಷ್ಮ. 900 ಪೌಂಡಿನ ಬಾಡಿಗೆಮನೆಗೆ ಒಂಬತ್ತು ಜನ ತಲಾ 100 ಪೌಂಡ್ ತೆರುವುದೆಂದು ಗೊತ್ತಾಗಿ, ಇಬ್ಬರು ಹಿಂದೆ ಸರಿದರೆ ಉಳಿದ ಏಳು ಜನರ ಪಾಲು ಸುಮಾರು 129 ಪೌಂಡಿಗೆ ಏರುತ್ತದೆ. ಆದ್ದರಿಂದ ಬುಕಿಂಗ್‌ಗೆ ಮೊದಲೇ ಮರಳದ ಮುಂಗಡವನ್ನು ಎಲ್ಲರಿಂದ ಪಡೆಯುವುದು ರೂಢಿ. ತಲಾ ಹಾಸಿಗೆಯ ಲೆಕ್ಕದಲ್ಲಿ ಹಣ ಪಡೆಯುವ ಹಾಸ್ಟೆಲ್‌ಗಳಲ್ಲಿ ಈ ಅಪಾಯ ಕಡಿಮೆ, ಆದರೆ ಅನೇಕ ಹಾಸ್ಟೆಲ್‌ಗಳು ಸ್ಟ್ಯಾಗ್ ಗುಂಪುಗಳನ್ನು ಸೇರಿಸಿಕೊಳ್ಳುವುದಿಲ್ಲ ಎಂದು ತಮ್ಮ ನಿಯಮಗಳಲ್ಲೇ ಬರೆದಿರುತ್ತವೆ. ಗುಂಪಿನ ಉದ್ದೇಶವನ್ನು ಮುಚ್ಚಿಟ್ಟು ಕಾದಿರಿಸಿದವರು ಬಾಗಿಲಲ್ಲೇ ತಿರುಗಿ ಬರಬೇಕಾದೀತು.

ಬಿಡಿಬಿಡಿಯಾಗಿ ಕಾದಿರಿಸುವುದು ಅಗ್ಗವಾದರೂ ರಕ್ಷಣೆ ಕಡಿಮೆ. ಬ್ರಿಟನ್ನಿನಲ್ಲಿ ವಿಮಾನ ಮತ್ತು ವಸತಿಯನ್ನು ಪ್ಯಾಕೇಜ್ ಆಗಿ ಕೊಂಡವರಿಗೆ ಅಟೋಲ್ ಎಂಬ ಯೋಜನೆಯ ರಕ್ಷಣೆ ಇದೆ. 2017ರ ಅಕ್ಟೋಬರ್ 2ರಂದು ಮೊನಾರ್ಕ್ ಏರ್‌ಲೈನ್ಸ್ ಮುಚ್ಚಿದಾಗ ಸುಮಾರು 1,10,000 ಪ್ರಯಾಣಿಕರು ವಿದೇಶಗಳಲ್ಲಿದ್ದರು, ಅವರನ್ನು ಕರೆತರಲು ಸರ್ಕಾರವೇ ವಿಮಾನಗಳನ್ನು ಗೊತ್ತುಮಾಡಬೇಕಾಯಿತು. ಹಾರಾಟ ತಡವಾದಾಗ ಯುರೋಪಿಯನ್ ಒಕ್ಕೂಟದ 261/2004 ನಿಯಮಾವಳಿ ನೆರವಿಗೆ ಬರುತ್ತದೆ. 1,500 ಕಿ.ಮೀ. ಒಳಗಿನ ಪ್ರಯಾಣದಲ್ಲಿ ಸಂಸ್ಥೆಯ ಕಾರಣದಿಂದ ಮೂರು ಗಂಟೆ ಅಥವಾ ಹೆಚ್ಚು ತಡವಾಗಿ ತಲುಪಿದವರಿಗೆ ತಲಾ 250 ಯೂರೋ ಪರಿಹಾರ ಸಲ್ಲುತ್ತದೆ. ಬ್ರಿಟನ್ ತನ್ನದೇ ಕಾನೂನಿನಲ್ಲಿ ಇದನ್ನು 220 ಪೌಂಡ್ ಎಂದು ಉಳಿಸಿಕೊಂಡಿದೆ.

ನಾಣ್ಯದಲ್ಲೂ ಹಣ ಸೋರುತ್ತದೆ. ಚೆಕ್ ಗಣರಾಜ್ಯದಲ್ಲಿ ಕೊರುನಾ, ಪೋಲೆಂಡಿನಲ್ಲಿ ಜ್ಲಾಟಿ, ಹಂಗೇರಿಯಲ್ಲಿ ಫೋರಿಂಟ್ ನಡೆಯುತ್ತದೆ. ಬಾಲ್ಟಿಕ್ ದೇಶಗಳು ಮತ್ತು ಸ್ಲೊವಾಕಿಯಾ ಯೂರೋಗೆ ಸೇರಿವೆ. ಕಾರ್ಡ್ ಯಂತ್ರವು ಪೌಂಡಿನಲ್ಲಿ ತೆರುವಿರಾ ಎಂದು ಕೇಳಿದಾಗ ಸ್ಥಳೀಯ ನಾಣ್ಯವನ್ನೇ ಆರಿಸಬೇಕು, ಏಕೆಂದರೆ ಯಂತ್ರ ತೋರುವ ವಿನಿಮಯ ದರ ಸಾಮಾನ್ಯವಾಗಿ ನಷ್ಟದ್ದು. ಪ್ರಾಗ್‌ನ ಹಣ ವಿನಿಮಯ ಅಂಗಡಿಗಳ ಕುರಿತ ದೂರುಗಳು ಹೆಚ್ಚಿದ್ದರಿಂದ, 2019ರ ಏಪ್ರಿಲ್‌ನಿಂದ ಚೆಕ್ ಕಾನೂನು ಗ್ರಾಹಕನಿಗೆ ಮೂರು ಗಂಟೆಯೊಳಗೆ ವಿನಿಮಯವನ್ನು ರದ್ದುಪಡಿಸುವ ಹಕ್ಕು ನೀಡಿದೆ.

ದಾಖಲೆಗಳು ಮತ್ತು ವೀಸಾ

ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೆ ಅದರ ಪ್ರಜೆಗಳ ಪಾಸ್‌ಪೋರ್ಟ್, ಷೆಂಗೆನ್ ಪ್ರದೇಶ ಪ್ರವೇಶಿಸುವ ದಿನಕ್ಕೆ ಹತ್ತು ವರ್ಷದೊಳಗೆ ನೀಡಿದ್ದಾಗಿರಬೇಕು, ಮರಳುವ ದಿನದ ನಂತರ ಕನಿಷ್ಠ ಮೂರು ತಿಂಗಳ ಅವಧಿ ಉಳಿದಿರಬೇಕು. ಅವಧಿ ಮುಗಿಯದಿದ್ದರೂ ಮೊದಲ ಷರತ್ತಿನಲ್ಲಿ ಸಿಕ್ಕಿಬೀಳುವವರಿದ್ದಾರೆ. 2025ರ ಅಕ್ಟೋಬರ್ 12ರಿಂದ ಗಡಿಗಳಲ್ಲಿ ಬೆರಳಚ್ಚು ಮತ್ತು ಮುಖಚಿತ್ರ ಪಡೆಯುವ ವ್ಯವಸ್ಥೆ ಹಂತಹಂತವಾಗಿ ಜಾರಿಗೆ ಬಂದಿರುವುದರಿಂದ ಸರದಿಯಲ್ಲಿ ನಿಲ್ಲುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬ್ರಿಟನ್ನಿನಲ್ಲಿ ಓದುವ ಅಥವಾ ಉದ್ಯೋಗದಲ್ಲಿರುವ ಕನ್ನಡಿಗರೂ ಸಹೋದ್ಯೋಗಿಗಳ ಇಂಥ ಕೂಟಗಳಿಗೆ ಆಹ್ವಾನ ಪಡೆಯುವುದುಂಟು. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟನ್ನಿನ ವೀಸಾ ಯುರೋಪಿಗೆ ಸಾಲದು, ಷೆಂಗೆನ್ ವೀಸಾ ಬೇರೆಯೇ ಬೇಕು. 2024ರ ಜೂನ್ 11ರಿಂದ ಇದರ ಶುಲ್ಕ 90 ಯೂರೋ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹದಿನೈದು ದಿನ ಮೊದಲಿನವರೆಗೆ ಸಲ್ಲಿಸಬಹುದು. ಸಂದರ್ಶನದ ದಿನ ಸಿಗುವುದೇ ಕಷ್ಟವಾಗುವ ಬೇಸಿಗೆಯಲ್ಲಿ, ಮೂರು ವಾರ ಮುಂಚೆ ಅಗ್ಗದ ಟಿಕೆಟ್ ಸಿಕ್ಕಿತೆಂದು ಊರನ್ನು ನಿರ್ಧರಿಸಿದರೆ ಇವರು ತಾವಾಗಿಯೇ ಹೊರಗುಳಿಯುತ್ತಾರೆ. ವೀಸಾ ಶುಲ್ಕ ಕೆಲವೊಮ್ಮೆ ವಿಮಾನದ ಟಿಕೆಟ್ಟನ್ನೂ ಮೀರುತ್ತದೆ ಎಂಬುದು ಉಳಿದವರಿಗೆ ಹೊಳೆಯುವುದಿಲ್ಲ. ಐರ್ಲೆಂಡ್ ಷೆಂಗೆನ್ ಪ್ರದೇಶಕ್ಕೆ ಸೇರಿಲ್ಲವಾದ್ದರಿಂದ ಅಲ್ಲಿನ ನಿಯಮಗಳು ಬೇರೆ.

ವಿಮಾನದಲ್ಲಿ ಕುಡಿತ

ಬ್ರಿಟಿಷ್ ಕಾನೂನಿನಂತೆ ಕುಡಿದು ಅಮಲೇರಿದ ಸ್ಥಿತಿಯಲ್ಲಿ ವಿಮಾನದಲ್ಲಿರುವುದೇ ಅಪರಾಧ, ಇದಕ್ಕೆ ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಸಿಬ್ಬಂದಿಯು ಅಂಥವರನ್ನು ಹತ್ತಿಸಿಕೊಳ್ಳದಿದ್ದರೆ ಹಣ ಮರಳುವುದಿಲ್ಲ, ಪ್ರವಾಸ ವಿಮೆಯೂ ಕುಡಿತದಿಂದಾದ ಹಾನಿಗೆ ಸಾಮಾನ್ಯವಾಗಿ ಒದಗುವುದಿಲ್ಲ. ಬೆಳಗಿನ ಆರರ ವಿಮಾನಕ್ಕೆ ನಾಲ್ಕು ಗಂಟೆಗೇ ನಿಲ್ದಾಣದ ಪಬ್ಬಿನಲ್ಲಿ ಕುಳಿತುಕೊಳ್ಳುವುದು ಈ ವಿಹಾರದ ಹಳೆಯ ಅಭ್ಯಾಸವಾದರೂ, ಎಲ್ಲಕ್ಕಿಂತ ದುಬಾರಿ ಅಭ್ಯಾಸವೂ ಅದೇ.

ಆತಿಥೇಯ ನಗರಗಳ ನಿಲುವು

ಪ್ರವಾಸಿಗನಿಗೆ ಅಗ್ಗವಾದ ವಾರಾಂತ್ಯದ ಬೆಲೆಯ ಒಂದು ಭಾಗವನ್ನು ಆ ಊರಿನ ಹಳೆಯ ಬಡಾವಣೆಗಳ ನಿವಾಸಿಗಳು ಕೆಟ್ಟ ನಿದ್ದೆಯ ರೂಪದಲ್ಲಿ, ಏರಿದ ಬಾಡಿಗೆಯ ರೂಪದಲ್ಲಿ ತೆರುತ್ತಾರೆ. ಹೀಗಾಗಿ ನಗರಾಡಳಿತಗಳು ಒಂದೊಂದಾಗಿ ಬಿಗಿಯಾಗಿವೆ. ಆಮ್‌ಸ್ಟರ್‌ಡ್ಯಾಮ್ 2017ರಲ್ಲಿ ನಗರದ ಒಳಭಾಗದಲ್ಲಿ ಬಿಯರ್ ಬೈಕ್‌ಗಳನ್ನು ನಿಷೇಧಿಸಿತು. ಗುಂಪಾಗಿ ಕುಳಿತು ತುಳಿಯುತ್ತ ಕುಡಿಯುವ ಈ ಬಂಡಿಗಳು ಸ್ಟ್ಯಾಗ್ ಕೂಟಗಳ ಗುರುತೇ ಆಗಿದ್ದವು. 2023ರ ಮಾರ್ಚಿನಲ್ಲಿ ಅದೇ ನಗರವು 18ರಿಂದ 35 ವರ್ಷದ ಬ್ರಿಟಿಷ್ ಗಂಡಸರನ್ನೇ ಉದ್ದೇಶಿಸಿ, ಅಮಲಿಗಾಗಿ ಬರುವುದಾದರೆ ಬರಬೇಡಿ ಎಂಬ ಜಾಹೀರಾತು ಹೊರಡಿಸಿತು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸ್ಟ್ಯಾಗ್ ಕೂಟ ಎಂದು ಬ್ರಿಟನ್ನಿನಲ್ಲಿ ಅಂತರ್ಜಾಲದಲ್ಲಿ ಹುಡುಕಿದವರಿಗೆ ಈ ಎಚ್ಚರಿಕೆ ಕಾಣುತ್ತಿತ್ತು. ಸ್ಪೇನ್‌ನ ಬಾಲಿಯಾರಿಕ್ ದ್ವೀಪಗಳ ಆಡಳಿತ 2020ರ ಜನವರಿಯಲ್ಲಿ ಮಗಾಲುಫ್ ಮುಂತಾದ ಕಡೆ ಪಬ್ ಸುತ್ತಾಟಗಳನ್ನೂ ಮದ್ಯದ ರಿಯಾಯಿತಿ ವೇಳೆಗಳನ್ನೂ ನಿಲ್ಲಿಸಿತು. ಪ್ರಾಗ್ 2024ರ ಅಕ್ಟೋಬರಿನಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಮಾರ್ಗದರ್ಶಕರೊಡನೆ ನಡೆಯುವ ಪಬ್ ಸುತ್ತಾಟವನ್ನು ನಿಷೇಧಿಸಲು ತೀರ್ಮಾನಿಸಿತು. ಕ್ರಾಕೋವ್‌ನಲ್ಲಿ 2023ರ ಜುಲೈನಿಂದ ಮಧ್ಯರಾತ್ರಿಯ ನಂತರ ಐದೂವರೆಯವರೆಗೆ ಅಂಗಡಿಗಳಲ್ಲಿ ಮದ್ಯ ಮಾರುವಂತಿಲ್ಲ.

ವಸತಿಯ ಮೇಲೂ ಇದರ ಪರಿಣಾಮವಾಗಿದೆ. ಬುಡಾಪೆಸ್ಟ್‌ನ ಆರನೆಯ ಜಿಲ್ಲೆಯ ನಿವಾಸಿಗಳು 2024ರಲ್ಲಿ ಅಲ್ಪಾವಧಿ ಬಾಡಿಗೆಮನೆಗಳ ವಿರುದ್ಧ ಮತ ನೀಡಿ, 2026ರ ಆರಂಭದಿಂದ ಅವುಗಳ ನಿಷೇಧಕ್ಕೆ ದಾರಿ ಮಾಡಿದರು. ಬಾರ್ಸಿಲೋನಾ 2028ರ ನವೆಂಬರ್ ಹೊತ್ತಿಗೆ ಪ್ರವಾಸಿ ಬಾಡಿಗೆಮನೆಗಳ ಪರವಾನಗಿಗಳನ್ನು ಕೊನೆಗೊಳಿಸುವುದಾಗಿ ಘೋಷಿಸಿದೆ. ಹಳೆಯ ಪ್ರವಾಸ ಬರಹಗಳನ್ನು ನಂಬಿ ಯೋಜನೆ ಹಾಕುವವರು ಆಯಾ ನಗರದ ಸದ್ಯದ ನಿಯಮಗಳನ್ನು ನೋಡಿಕೊಳ್ಳಬೇಕಾಗುತ್ತದೆ.

ಭಾರತದಲ್ಲಿ

ಭಾರತದ ನಗರಗಳಲ್ಲಿ ಈ ರೂಢಿ ಬ್ಯಾಚುಲರ್ ಪಾರ್ಟಿ ಎಂಬ ಅಮೆರಿಕನ್ ಹೆಸರಿನಲ್ಲಿ ನೆಲೆಯೂರಿದೆ. 2011ರ ಹಿಂದಿ ಚಲನಚಿತ್ರ ಜಿಂದಗಿ ನ ಮಿಲೇಗಿ ದೊಬಾರಾದ ಕಥೆಯೇ ಸ್ಪೇನ್‌ನಲ್ಲಿ ಮೂವರು ಗೆಳೆಯರು ನಡೆಸುವ ಇಂಥ ಪ್ರವಾಸ. ಬೆಂಗಳೂರಿನ ಗುಂಪುಗಳಿಗೆ ಗೋವಾ ಹತ್ತಿರದ ತಾಣ. 2023ರ ನವೆಂಬರಿನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ವಿನಾಯಿತಿ ನೀಡಿದ ಮೇಲೆ ಬ್ಯಾಂಕಾಕ್ ಕೂಡ ಪಟ್ಟಿಯಲ್ಲಿ ಮೇಲೇರಿತು. ಕರ್ನಾಟಕದ ಹಲವು ಸಮುದಾಯಗಳ ಮದುವೆಗಳಲ್ಲಿ ಬ್ರಹ್ಮಚಾರಿಯು ಕೊಡೆ, ಕೋಲು ಹಿಡಿದು ಊರು ಬಿಟ್ಟು ಹೊರಡುವ ಕಾಶಿಯಾತ್ರೆಯ ಶಾಸ್ತ್ರ ಮೊದಲಿನಿಂದಲೂ ಇದೆ. ಅಲ್ಲಿ ವರನನ್ನು ಕೆಲವೇ ಹೆಜ್ಜೆಗಳಲ್ಲಿ ಹೆಣ್ಣಿನ ಕಡೆಯವರು ತಡೆದು, ಸಮಾಧಾನಪಡಿಸಿ, ಮಂಟಪಕ್ಕೆ ಮರಳಿ ಕರೆತರುತ್ತಾರೆ.