ಕಾಲುವೆಯ ದಂಡೆಯ ಕಾವಲು: ಮಹಾಯುದ್ಧದಲ್ಲಿ ಮೈಸೂರು ಸವಾರರು



ಮೈಸೂರು ಲ್ಯಾನ್ಸರ್ಸ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಹೈಫಾ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರು ಪಟ್ಟಣಕ್ಕೆ ನುಗ್ಗಿದರು. ಮೈಸೂರಿನವರು ಕಾರ್ಮೆಲ್ ಬೆಟ್ಟದ ಏರನ್ನು ಹತ್ತಿ ಅಲ್ಲಿದ್ದ ಫಿರಂಗಿಗಳನ್ನು ವಶಪಡಿಸಿಕೊಂಡರು. ಸೆರೆಸಿಕ್ಕ ಶತ್ರುಗಳು 1,350. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು. ಈ ಕೀರ್ತಿ ಸಲ್ಲತಕ್ಕದ್ದೇ. ಆದರೆ ಅದು ಒಂದು ದಿನದ ಕಾರ್ಯ. ಈ ಪಡೆ ಈಜಿಪ್ಟ್ ತಲುಪಿದ್ದು 1914ರ ಕೊನೆಯಲ್ಲಿ. ನಡುವಣ ಸುಮಾರು ನಾಲ್ಕು ವರ್ಷಗಳಲ್ಲಿ ಸವಾರನು ಮಾಡಿದ್ದೇನು? ಬಹುಮಟ್ಟಿಗೆ ಕಾವಲು ಮತ್ತು ಗಸ್ತು.

ಸುಯೆಜ್ ಕಾಲುವೆಯ ಉದ್ದ ಆಗ ಸುಮಾರು 160 ಕಿಲೋಮೀಟರ್ ಇತ್ತು. ಪೂರ್ವಕ್ಕೆ ಸಿನಾಯ್ ಮರುಭೂಮಿ. 1915ರ ಫೆಬ್ರವರಿ ಆರಂಭದಲ್ಲಿ ತುರ್ಕಿಯ ಸೇನೆ ಆ ಮರಳುಗಾಡನ್ನು ದಾಟಿ ಬಂದು, ದೋಣಿಗಳನ್ನು ನೀರಿಗಿಳಿಸಿ, ವಿಫಲವಾಗಿ ಹಿಂದಿರುಗಿತು. ಅನಂತರ ಬಂದವರು ಸಣ್ಣ ಗುಂಪುಗಳು. ಏಪ್ರಿಲ್ ತಿಂಗಳಲ್ಲಿ ಕಂತಾರಾದ ಹತ್ತಿರ ಕಾಲುವೆಯೊಳಗೆ ಸಿಡಿಮದ್ದು ಇರಿಸಿದ್ದು ಪತ್ತೆಯಾಯಿತು. ಅಲ್ಲಿಂದಾಚೆಗೆ ಕಾವಲಿನ ಮುಖ್ಯ ಸಾಧನವೆಂದರೆ ಮರಳೇ. ದಂಡೆಯುದ್ದಕ್ಕೂ ಒಂದು ಪಟ್ಟಿಯನ್ನು ಗುಡಿಸಿ ನುಣುಪಾಗಿಸುವುದು, ಬೆಳಗಾದ ಕೂಡಲೇ ಅದರ ಮೇಲೆ ಹೆಜ್ಜೆ ಬಿದ್ದಿದೆಯೇ ಎಂದು ನೋಡುವುದು. ಹೊಲದ ಬದುವಿನಲ್ಲಿ ಕಾಡುಹಂದಿಯ ಜಾಡು ಹುಡುಕುವ ನಮ್ಮ ರೈತನಿಗೆ ಈ ವಿದ್ಯೆಯನ್ನು ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಅಶ್ವದಳದ ಕಾವಲಿಗೆ ಒಂದು ಕ್ರಮವಿತ್ತು. ಠಾಣೆಯ ಮುಂದೆ ಜೋಡಿ ಸವಾರರು ನಿಲ್ಲುತ್ತಿದ್ದರು. ಏನಾದರೂ ಕಂಡರೆ ಒಬ್ಬ ಅಲ್ಲೇ ನಿಂತು ನೋಡಬೇಕು, ಇನ್ನೊಬ್ಬ ಸುದ್ದಿ ಒಯ್ಯಬೇಕು. ಹಿಂದೆ ಠಾಣೆಯಲ್ಲಿದ್ದವರಿಗೂ ನಿಶ್ಚಿಂತೆಯಿಲ್ಲ. ಕುದುರೆಗಳ ಜೀನನ್ನು ಒಟ್ಟಿಗೆ ಕಳಚುವಂತಿಲ್ಲ. ತನಗಿಂತ ಮೊದಲು ಕುದುರೆಗೆ ನೀರು. ಮರುಭೂಮಿಯಲ್ಲಿ ಆ ನೀರು ಬರುವುದು ಹಿಂದಿನಿಂದ. ಈ ಸವಾರರಲ್ಲಿ ಮುಸಲ್ಮಾನರೂ ಇದ್ದರು ಎಂಬುದನ್ನು ಮರೆಯಬಾರದು. 1914ರ ನವೆಂಬರಿನಲ್ಲಿಯೇ ಇಸ್ತಾಂಬುಲಿನ ಖಲೀಫರ ಹೆಸರಿನಲ್ಲಿ ಧರ್ಮಯುದ್ಧ ಸಾರಲಾಗಿತ್ತು. ಆಚೆ ಕತ್ತಲಲ್ಲಿ ಇದ್ದದ್ದು ಆ ಖಲೀಫರ ಸೈನ್ಯ. ಕಾಯುತ್ತಿದ್ದ ಕಾಲುವೆಯಾದರೋ ಮೈಸೂರಿನದಲ್ಲ, ಬ್ರಿಟಿಷ್ ಸಾಮ್ರಾಜ್ಯದ ದಾರಿ.

ಇಂಥ ಗಸ್ತಿನಲ್ಲಿಯೇ 1915ರ ನವೆಂಬರಿನಲ್ಲಿ ಕಂತಾರಾ ಬಳಿ ಮೈಸೂರಿನ ತುಕಡಿಗೆ ಸುಮಾರು 200 ಜನರ ದಾಳಿಗುಂಪು ಎದುರಾಯಿತು. ಸವಾರರು ಅವರನ್ನು ಬೆನ್ನಟ್ಟಿದರು. ಗುಂಪಿನ ಹೆಸರಾಂತ ಮುಖಂಡ ರಿಜ್ಕಲ್ಲಾ ಸಲೀಂ ಹತನಾದನು. ಚರಿತ್ರೆಯ ದೊಡ್ಡ ಗ್ರಂಥಗಳಲ್ಲಿ ಇದಕ್ಕೆ ಒಂದೆರಡು ವಾಕ್ಯ ದೊರೆತರೆ ಹೆಚ್ಚು.

1918ರ ಬೇಸಿಗೆಯಲ್ಲಿ ಪಡೆ ಜೋರ್ಡನ್ ಕಣಿವೆಯಲ್ಲಿತ್ತು. ಸಮುದ್ರಮಟ್ಟಕ್ಕಿಂತ ಸುಮಾರು 300 ಮೀಟರ್ ತಗ್ಗಿನ ಆ ನೆಲದಲ್ಲಿ ಬಿಸಿಲು, ದೂಳು, ಮಲೇರಿಯಾ ಮೂರೂ ಶತ್ರುವಿಗಿಂತ ಹತ್ತಿರವಿದ್ದವು. ಜುಲೈ 14ರಂದು ಅಲ್ ಹಿನು ಹೊಳೆಗಡದ ಬಳಿ ಮೈಸೂರು, ಜೋಧಪುರ ಪಡೆಗಳು ನದಿ ದಾಟಿ, ಆಚೆಗೆ ಸೇರಿದ್ದ ತುರ್ಕಿಯ ಅಶ್ವದಳದ ಮೇಲೆ ಭರ್ಜಿ ಹಿಡಿದು ಎರಗಿದವು. ನನ್ನ ಅಭಿಪ್ರಾಯದಲ್ಲಿ ಹೈಫಾದ ತಾಲೀಮು ನಡೆದದ್ದು ಇಲ್ಲಿ.

ಕೊನೆಯ ಕದನ ಅಲೆಪ್ಪೋದ ಉತ್ತರಕ್ಕೆ, ಹರಿತಾನ್ ಎಂಬ ಹಳ್ಳಿಯ ಹತ್ತಿರ, ಅಕ್ಟೋಬರ್ 26ರಂದು. ನಾಲ್ಕು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದ ದಳಕ್ಕೆ ಅಂದು ನಿಂತು ನೋಡುವ ಸಮಯ ದೊರೆಯಲಿಲ್ಲ. ಹಿಂದೆ ಸರಿಯುತ್ತಿದ್ದ ತುರ್ಕರ ಬಲವನ್ನು ಕಡಿಮೆಯೆಂದು ಎಣಿಸಿ ಮೈಸೂರು, ಜೋಧಪುರ ಸವಾರರನ್ನು ನುಗ್ಗಿಸಲಾಯಿತು. ಎದುರಿಗಿದ್ದವರು ಅಂದಾಜಿಗಿಂತ ಬಹಳ ಹೆಚ್ಚು. ಜೋಧಪುರ ದಳದ ಹೋಲ್ಡನ್ ಸಹಿತ ಹಲವರು ಮಡಿದರು, ಸವಾರರು ಹಿಂದೆಗೆಯಬೇಕಾಯಿತು. ನಾಲ್ಕು ದಿನಗಳ ಬಳಿಕ, ಅಕ್ಟೋಬರ್ 30ರಂದು, ತುರ್ಕಿ ಕದನವಿರಾಮಕ್ಕೆ ಸಹಿ ಹಾಕಿತು. ಆದರೂ ಸವಾರರಿಗೆ ಕೂಡಲೇ ಊರಿನ ದಾರಿ ತೆರೆಯಲಿಲ್ಲ. ಗೆದ್ದ ನೆಲವನ್ನು ಕಾಯುವ ಕೆಲಸ 1920ರವರೆಗೂ ಉಳಿದಿತ್ತು.